ಲೈಲ್ ಮೂರನೇ ಸಲ ಕೇಳಲಿಲ್ಲ

ಗ್ಯಾರೇಜಿನವರ ಮುಖ ನೋಡದೆ ಕಾರಿನ ಬ್ರೇಕನ್ನು ತಾನೇ ಬದಲಿಸುತ್ತೇನೆಂದು ಆರ್ವಿಡ್ ಶುಕ್ರವಾರ ಊಟದ ಮೇಜಿನ ಮುಂದೆ ಘೋಷಿಸಿದ. ತಲೆಯ ಮೇಲೆ ಕಿರೀಟವೊಂದಿರಲಿಲ್ಲ, ಗತ್ತೆಲ್ಲ ಪಟ್ಟಾಭಿಷೇಕದ್ದೇ.

"ಟ್ರ್ಯಾಕ್ಟರನ್ನೇ ಬಿಚ್ಚಿ ಜೋಡಿಸಿದ ಮನೆತನ ನಮ್ಮದು. ಎರಡು ಡಿಸ್ಕು, ನಾಲ್ಕು ಪ್ಯಾಡು. ನಾಳೆ ಮಧ್ಯಾಹ್ನದ ಕಾಫಿಗೆ ಮುಂಚೆ ಮುಗೀತು ಅಂತ ಇಟ್ಕೋ."

ಹೆಂಡತಿ ಮಾರ್ಲಿಸ್ ಹಾಗೇನೂ ಇಟ್ಟುಕೊಳ್ಳಲಿಲ್ಲ. ಇಸ್ತ್ರಿ ಮಾಡುತ್ತಿದ್ದ ಪುಟ್ಟ ಬಿಳಿ ಅಂಗಿಯಿಂದ ಕಣ್ಣೆತ್ತದೆ, "ಭಾನುವಾರ ಮಗೂಗೆ ದೀಕ್ಷಾಸ್ನಾನ. ನಮಗಿರೋದು ಒಂದೇ ಕಾರು," ಎಂದಳು.

ಮಗಳಿದ್ದ ಊರು ದೂರ. ಅಲ್ಲಿನ ಚರ್ಚಿನಲ್ಲಿ ಮೊಮ್ಮಗಳನ್ನು ನೀರಿನ ಬಳಿ ಎತ್ತಿ ಹಿಡಿಯುವ ಭಾಗ್ಯ ಮಾರ್ಲಿಸಳದು. ಆ ಬಿಳಿ ಅಂಗಿಯನ್ನು ಮಾರ್ಲಿಸಳ ಅಮ್ಮನಿಗೂ ತೊಡಿಸಿದ್ದರು, ಮಾರ್ಲಿಸಳಿಗೂ ತೊಡಿಸಿದ್ದರು. ಆರ್ವಿಡನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಬ್ರೇಕಿನ ಮೇಲೆ ಕಣ್ಣು ಹಾಕಿದ್ದು. ಹಿಂದಿನ ವಾರ ಕಾರು ಪ್ರಾರ್ಥನೆಯ ಹೊತ್ತಿಗೆ ತಮ್ಮೂರ ಚರ್ಚಿನ ಮುಂದೆ ನಿಂತಾಗ ಬ್ರೇಕು ಹಿಡಿದ ಹಂದಿಯಂತೆ ಕಿರುಚಿ, ಒಳಗಿದ್ದವರೆಲ್ಲ ಕಣ್ಣು ಬಿಟ್ಟಿದ್ದರು. ಈ ಭಾನುವಾರ ಹಾಗಾಗಬಾರದು.

ಶನಿವಾರ ಬೆಳಿಗ್ಗೆ ಮನೆಯ ಮುಂದಿನ ಇಳಿಜಾರಿನ ಮೇಲ್ತುದಿಯಲ್ಲಿ ಕಾರು ಜಾಕಿನ ಮೇಲೇರಿತು. ಚಕ್ರ ಕಳಚಿದ್ದೇನೋ ಆಯಿತು. ಹಳೆಯ ಡಿಸ್ಕು ಮಾತ್ರ ಅಲುಗಲಿಲ್ಲ. ಅವರಿದ್ದ ಮಿನೆಸೋಟ ರಾಜ್ಯದಲ್ಲಿ ಹಿಮ ಕರಗಲೆಂದು ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪೆಲ್ಲ ಇವನ ಕಾರಿನಡಿಗೇ ಬಂದು ತುಕ್ಕಿನೊಡನೆ ಸಂಸಾರ ಹೂಡಿತ್ತು. ಆರ್ವಿಡ್ ಎಣ್ಣೆ ಬಿಟ್ಟ, ಸುತ್ತಿಗೆಯಲ್ಲಿ ಬಡಿದ, ಬುದ್ಧಿ ಹೇಳಿದ, ಮತ್ತೆ ಬಡಿದ.

ಸದ್ದು ಕೇಳಿ ಎದುರುಮನೆಯ ಲೈಲ್ ರಸ್ತೆ ದಾಟಿ ಬಂದ. ಪ್ಯಾಂಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು ಸ್ವಲ್ಪ ಹೊತ್ತು ಆಕಾಶ ನೋಡಿ, "ಕೈ ಹಾಕ್ಲಾ?" ಎಂದ.

"ಬೇಡ ಬೇಡ. ನಿನಗ್ಯಾಕೆ ತೊಂದರೆ," ಎಂದ ಆರ್ವಿಡ್.

ಆ ಊರಿನ ಮರ್ಯಾದೆಯೇ ಅದು. ಸಹಾಯ ಮಾಡಲೇ ಎಂದು ಕೇಳಿದರೆ ಎರಡು ಸಲ ಬೇಡ ಅನ್ನಬೇಕು. ಮೂರನೇ ಸಲ ಕೇಳಿದಾಗ, 'ನೀನು ಇಷ್ಟು ಹೇಳ್ತೀಯಲ್ಲ' ಎಂದು ಉಪಕಾರ ಮಾಡಿದವನಂತೆ ಒಪ್ಪಬೇಕು. ಮೊದಲ ಸಲವೇ ಹೂಂ ಅಂದವನನ್ನು ಜನ ಹಸಿದ ನಾಯಿಯಂತೆ ನೋಡುತ್ತಾರೆ.

"ನನ್ನ ಹತ್ರ ದೊಡ್ಡ ಸುತ್ತಿಗೆ ಇದೆ. ತರ್ತೀನಿ," ಎಂದ ಲೈಲ್.

"ಬೇಡಪ್ಪ, ಇನ್ನೇನು ಬಂದೇಬಿಡ್ತು."

ಮೂರನೆಯದಕ್ಕೆ ಆರ್ವಿಡ್ ಒಳಗೊಳಗೇ ಸಿದ್ಧನಾದ. ಒಪ್ಪಿಗೆಯ ಮಾತು ನಾಲಿಗೆಯ ತುದಿಯಲ್ಲಿತ್ತು. ಲೈಲ್ ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಅವನ ಹೆಂಡತಿ ವರ್ನಾ ಕಿಟಕಿಯಿಂದ ಕಾಫಿಗೆ ಕರೆದಳು. ಲೈಲ್ ತೆರೆದ ಬಾಯಿ ಮುಚ್ಚಿಕೊಂಡು ಹೊರಟುಹೋದ. ಅವನ ಬೆನ್ನನ್ನೇ ನೋಡುತ್ತ ನಿಂತ ಆರ್ವಿಡನಿಗೆ ಕೂಗಿ ಕರೆಯೋಣವೆನ್ನಿಸಿತು. ಆದರೆ ಕೂಗಿ ಕರೆದರೆ ತಾನೇ ಕೇಳಿದಂತಾಗುತ್ತದಲ್ಲ!

ಹಾಗಾಗಿ ಒಬ್ಬನೇ ಹೆಣಗಿದ. ಮಧ್ಯಾಹ್ನದ ಕಾಫಿ ಬಂತು, ಆರಿತು. ಸಂಜೆಯ ಹೊತ್ತಿಗೆ ಹೊಸ ಡಿಸ್ಕು ಕೂತಿತು. ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಲೆಂದು ಪ್ಯಾಡನ್ನು ಒತ್ತುವ ಉರುಳೆಯನ್ನು ಬಲವಾಗಿ ಹಿಂದಕ್ಕೆ ದಬ್ಬಿ, ಎಲ್ಲ ಬಿಗಿ ಮಾಡಿ, ಚಕ್ರ ಹಾಕಿ, ಕಾರು ಇಳಿಸಿ, ಮಾರ್ಲಿಸಳನ್ನು ಜಗಲಿಗೆ ಕರೆದ. "ಈಗ ನೋಡು. ಸದ್ದು ಬಂದ್ರೆ ಕೇಳು," ಎಂದು ಕಾರು ಹತ್ತಿ ಹಿಂದಕ್ಕೆ ಬಿಟ್ಟ.

ಸದ್ದೇ ಬರಲಿಲ್ಲ. ಕಾರು ಹಂಸದಂತೆ ಹಿಂದಕ್ಕೆ ತೇಲಿತು. ಆರ್ವಿಡ್ ಬ್ರೇಕು ಒತ್ತಿದ. ಪೆಡಲು ಬೆಣ್ಣೆಗೆ ಕಾಲಿಟ್ಟಂತೆ ನೆಲದವರೆಗೆ ಇಳಿಯಿತು. ಗಾಬರಿಯಲ್ಲಿ ಅದನ್ನು ಹಾಗೇ ಅದುಮಿ ಹಿಡಿದ. ಕೈಬ್ರೇಕು ಎಂಬುದೊಂದಿದೆ ಎನ್ನುವುದೇ ಮರೆತುಹೋಯಿತು. ಕಾರು ಇಳಿಜಾರು ಇಳಿದು, ಸದ್ಯ ಯಾರೂ ಇಲ್ಲದ ರಸ್ತೆ ದಾಟಿ, ಲೈಲ್‌ನ ಅಂಗಳ ಹೊಕ್ಕು, ಅವನ ಮೀನು ಹಿಡಿಯುವ ದೋಣಿಗೆ ಬೆನ್ನು ಕೊಟ್ಟು ನಿಂತಿತು. ಹಿಂಬದಿಯ ಚಕ್ರವೊಂದು ಸೊಟ್ಟಗಾಗಿ ಆಕಾಶದ ಕಡೆ ನೋಡುತ್ತಿತ್ತು.

ಲೈಲ್ ಕಾಫಿ ಲೋಟ ಹಿಡಿದು ಹೊರಬಂದ. ದೋಣಿಯನ್ನು ನೋಡಿದ, ಕಾರನ್ನು ನೋಡಿದ. "ಇನ್ನೂ ಕೆಟ್ಟದಾಗಬಹುದಿತ್ತು," ಎಂದ. ಆಮೇಲೆ ಬೂಟನ್ನು ನೋಡಿಕೊಳ್ಳುತ್ತ ಸೇರಿಸಿದ: "ಕಾರು ತೆಗೆಯೋಕೆ ಮುಂಚೆ ಪೆಡಲನ್ನ ಗಟ್ಟಿಯಾಗೋವರೆಗೂ ಮತ್ತೆ ಮತ್ತೆ ತುಳೀಬೇಕು. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ. ಎರಡು ಸಲ ಬೇಡ ಅಂದ್ಯಲ್ಲ, ಮೂಗು ತೂರಿಸ್ದಂಗಾಗುತ್ತೆ ಅಂತ ಸುಮ್ಮನಾದೆ."

ಮಾರ್ಲಿಸ್ ಬಯ್ಯಲಿಲ್ಲ. ರಸ್ತೆ ದಾಟಿ ಬಂದು ನಿಂತಳು, ತೋಳಿನ ಮೇಲೆ ನಾಳೆಗೆಂದು ಮಡಿಸುತ್ತಿದ್ದ ಆ ಬಿಳಿ ಅಂಗಿ. ಬೈದಿದ್ದರೆ ಆರ್ವಿಡನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಾಳೆ ಮಗಳ ಊರಿನ ಚರ್ಚಿಗೆ ನಾನು ಬಿಡ್ಲಾ?" ಎಂದ ಲೈಲ್.

ನಲವತ್ತು ವರ್ಷದ ಅಭ್ಯಾಸ ಬಿಟ್ಟೀತೇ. "ಬೇಡ ಬೇಡ, ಹೇಗೋ..." ಎಂದು ಆರ್ವಿಡ್ ಆರಂಭಿಸಿದ್ದ.

"ಬರ್ತೀವಿ," ಎಂದಳು ಮಾರ್ಲಿಸ್. ಮೊದಲ ಸಲಕ್ಕೇ. ವರ್ನಾ ಕಿಟಕಿಯಲ್ಲಿ ಬೆರಗಾಗಿ ನಿಂತಳು.

ಭಾನುವಾರ ಲೈಲ್‌ನ ಮೀನಿನ ವಾಸನೆಯ ಪಿಕಪ್ ಗಾಡಿಯಲ್ಲಿ ಮೂವರೂ ಒತ್ತಿಕೊಂಡು ಕೂತು ಹೊರಟರು. ಚರ್ಚಿನ ಮುಂದೆ ಲೈಲ್ ಬ್ರೇಕು ಒತ್ತಿದಾಗ ಅದು ಆರ್ವಿಡನ ಬ್ರೇಕಿಗಿಂತ ಒಂದು ಸ್ವರ ಮೇಲಕ್ಕೆ ಕಿರುಚಿತು. ಒಳಗಿದ್ದವರೆಲ್ಲ ಕಣ್ಣು ಬಿಟ್ಟರು. ತಪ್ಪೊಪ್ಪಿಗೆಯ ಪ್ರಾರ್ಥನೆಗೆ ತಲೆಬಾಗಿದಾಗ ಪ್ರತಿ ವಾರ ತಪ್ಪು ಹುಡುಕಿಕೊಳ್ಳಬೇಕಿದ್ದ ಆರ್ವಿಡನಿಗೆ ಈ ಸಲ ಹುಡುಕುವ ಕಷ್ಟವಿರಲಿಲ್ಲ. ದೀಕ್ಷಾಸ್ನಾನದ ಹೊತ್ತಿಗೆ ಆ ಬಿಳಿ ಅಂಗಿ ತೊಟ್ಟ ಮಗುವನ್ನು ನೀರಿನ ಬಳಿ ಎತ್ತಿ ಹಿಡಿದ ಮಾರ್ಲಿಸಳ ಮುಖ ನೋಡಿದ. ಒಂದು 'ಬೇಡ'ಕ್ಕಾಗಿ ಇದನ್ನು ಕಳೆದುಕೊಳ್ಳಲಿದ್ದೆನಲ್ಲ ಎಂದು ಅವನ ಕಣ್ಣು ತುಂಬಿತು.

ಆಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ. ಲೈಲ್ ಸಂಕೋಚದಿಂದ, ತನ್ನ ಗಾಡಿಯದೂ ಪ್ಯಾಡು ಸವೆದಿದೆ, ಬರುವ ಶನಿವಾರ ಮನೆಯಲ್ಲೇ ಬದಲಿಸುತ್ತೇನೆ ಎಂದ.

ಆರ್ವಿಡನಿಗೆ ಋಣ ನೆನಪಾಯಿತು. "ಬಂದು ಕೈ ಹಾಕ್ಲಾ?"

"ಬೇಡ ಬೇಡ," ಎಂದ ಲೈಲ್ ತಟ್ಟನೆ.

"ಏನ್ ತೊಂದರೆ, ಬರ್ತೀನಿ."

"ಬೇಡಪ್ಪ, ನಾನೇ ನೋಡ್ಕೋತೀನಿ."

ಇನ್ನು ಮೂರನೆಯದು. ಆರ್ವಿಡ್ ಉಸಿರೆಳೆದುಕೊಂಡು ಬಾಯಿ ತೆರೆದ. ನಿದ್ದೆಹೋದ ಮಗುವನ್ನು ಹೆಗಲಿಗಾನಿಸಿಕೊಂಡು ಪಕ್ಕದಲ್ಲಿ ನಿಂತಿದ್ದ ಮಾರ್ಲಿಸ್ ಅವನ ಕಾಲಿನ ಮೇಲೆ ತನ್ನ ಹಿಮ್ಮಡಿಯನ್ನು ಒಂದೇ ಸಲ ಒತ್ತಿದಳು.

ಆರ್ವಿಡನ ಮೂರನೆಯ ಮಾತು ಬ್ರೇಕು ಬಿದ್ದಂತೆ ಅಲ್ಲೇ ನಿಂತಿತು.