ಷೇರುಪೇಟೆಗೆ ಜಲಾಶಯದ ಲೆಕ್ಕ

ಏರಿದ ಷೇರುಪೇಟೆ ಏರಿಯೇ ಇರುತ್ತದೆಯೇ ಎಂದು ಯಾರಾದರೂ ಕೇಳಿದರೆ ನಾನೀಗ ಎದ್ದು ಬೇರೆ ಕೋಣೆಗೆ ಹೋಗುತ್ತೇನೆ. ಮೊದಲು ಹೀಗಿರಲಿಲ್ಲ, ಕೇಳದವರನ್ನೂ ಕರೆದು ಕೂರಿಸಿ ಹೇಳುತ್ತಿದ್ದೆ. ನಾನು ಮುನಿರಾಬಾದಿನ ನೀರಾವರಿ ಕಚೇರಿಯ ಗುಮಾಸ್ತ. ಜಲಾಶಯಕ್ಕೆ ನೀರು ಎಷ್ಟು ಬಂತು, ಎಷ್ಟು ಹೋಯಿತು ಎಂದು ಬರೆಯುವುದರಲ್ಲೇ ತಲೆ ನೆರೆತಿದೆ. ಶ್ರೀರಾಮನಗರದ ಭತ್ತದ ರೈತರು ಫೋನ್ ಮಾಡಿ, "ಎರಡನೇ ಬೆಳಿಗೆ ನೀರು ಸಿಗತಾವೇನ್ರಿ?" ಎಂದು ನನ್ನನ್ನೇ ಕೇಳುತ್ತಾರೆ. "ಚಿಂತಿ ಮಾಡಬ್ಯಾಡ್ರಿ" ಎಂದರೆ ಸಸಿಮಡಿ ಹಾಕುತ್ತಾರೆ. ಮನುಷ್ಯ ಕೆಡುವುದಕ್ಕೆ ಇಷ್ಟು ಮರ್ಯಾದೆ ಸಾಕು.

ಬರುವ ಯುಗಾದಿಗೆ ನನ್ನ ನಿವೃತ್ತಿ. ಆಮೇಲೆ ಡ್ಯಾಂ ಕಾಲೊನಿಯ ಕ್ವಾರ್ಟರ್ಸ್ ಬಿಡಬೇಕು. ಮದುವೆಯಾದಾಗಿನಿಂದ ಸರ್ಕಾರದ ಗೋಡೆಗೆ ಮೊಳೆ ಹೊಡೆಯಲೂ ಅಂಜಿದ ನನ್ನ ಹೆಂಡತಿ ಗಿರಿಜಾ, ತನ್ನ ಬಂಗಾರದ ಪಾಟ್ಲಿ ಮಾರಿ, ಬಟ್ಟೆ ಹೊಲಿದು ಕೂಡಿಟ್ಟದ್ದನ್ನೂ ಸೇರಿಸಿ, ಕೊಪ್ಪಳದಲ್ಲೊಂದು ಸೈಟಿಗೆಂದು ನನ್ನ ಕೈಗೆ ಕೊಟ್ಟಳು. ಸೈಟಿನವನು, "ಕಾಗದಪತ್ರ ಆಗಾಕ ದೀಪಾವಳಿ ಬರತೈತ್ರಿ" ಎಂದ. ಅಲ್ಲಿಯವರೆಗೆ ದುಡ್ಡು ಸುಮ್ಮನೆ ಕೂರಬೇಕೇ? ಪೇಟೆ ಆಗ ಮಳೆಗಾಲದ ಹೊಳೆಯಂತೆ ಏರುತ್ತಿತ್ತು. ನಮ್ಮ ಜಲಾಶಯ ಶ್ರಾವಣದಲ್ಲಿ ತುಂಬಿತೆಂದರೆ ಬೇಸಿಗೆಯ ಬಾಗಿಲವರೆಗೂ ಕಾಲುವೆಗೆ ನೀರುಂಟು. ಇಳಿದರೂ ದಿನಕ್ಕಿಷ್ಟು ಎಂದು ಹೇಳಿ ಕೇಳಿ ಇಳಿಯುತ್ತದೆ. ಪೇಟೆಗೂ ಅಷ್ಟು ಸೌಜನ್ಯ ಇರುತ್ತದೆಂದು ನಂಬಿ, ಗಿರಿಜಾಗೆ ಹೇಳದೆ ಅಷ್ಟನ್ನೂ ಸುರಿದೆ. ಮೊದಮೊದಲು ಲಾಭವೂ ಕಂಡಿತು. ಪಕ್ಕದ ಮೇಜಿನ ಖಾಜಾಸಾಬ, "ಸಾಹೇಬ್ರ, ಬಂದಷ್ಟು ತಗೊಂಡು ಹೊರಗ ಬರ್ರಿ. ಇದರ ಗೇಟು ನಮ್ಮ ಕೈಯಾಗ ಇಲ್ರಿ" ಎಂದ. "ಇನ್ನೂ ಒಳಹರಿವು ಐತೋ ಮಾರಾಯಾ" ಎಂದು ನಾನು ಗಂಭೀರವಾಗಿ ಹೇಳಿದೆ.

ದಸರೆ ಮುಗಿಯುವಷ್ಟರಲ್ಲಿ ಪೇಟೆ ಬಿತ್ತು. ಬೀಳಲು ಇನ್ನೇನೂ ಉಳಿದಿಲ್ಲ ಅನ್ನಿಸಿದ ಮೇಲೂ ಬಿತ್ತು. ಒಂದು ಬೆಳಿಗ್ಗೆ ಗಿರಿಜಾ ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡದೊಂದು ಚೌಕ ಎಳೆದು, "ಅಡಗಿಮನಿ ಇಷ್ಟ ಅಗಲ ಸಾಕಲ್ರಿ?" ಎಂದು ಕೇಳಿದಳು. ನನಗೆ ತಡೆಯಲಾಗಲಿಲ್ಲ. ಎಲ್ಲ ಹೇಳಿಬಿಟ್ಟೆ. ಬೈಯುತ್ತಾಳೆಂದು ಕಾದೆ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಚೌಕವನ್ನು ಕಾಲಿನಿಂದ ಅಳಿಸಿ, "ಏನರ ಉಳದೈತೇನು?" ಎಂದಳು.

"ಅರ್ಧ ಐತಿ. ತಡಿ, ಮತ್ತ ಏರತೈತಿ."

"ನೀವು ತಡದದ್ದು ಸಾಕು. ಈಗ ಮಾರ್ರಿ, ನನ್ನ ಮುಂದ."

ಎದುರಿಗೇ ಕೂತು, ಒಂದೂ ಬಿಡದಂತೆ ಮಾರಿಸಿದಳು.

ಅರ್ಧ ದುಡ್ಡಿಗೆ ಅರ್ಧ ಸೈಟು ಕೊಡುವ ಪುಣ್ಯಾತ್ಮರು ಕೊಪ್ಪಳದಲ್ಲಿ ಇಲ್ಲ. ಗಿರಿಜಾ ಈಗ ಗಿಣಿಗೇರಾದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಳೆ. ಅವಳು ಮಾರಿಸಿದ ಮೇಲೆ ಪೇಟೆ ಇನ್ನೂ ಕುಸಿಯಿತು. ಉಳಿದದ್ದಾದರೂ ಉಳಿಯಿತಲ್ಲ ಎಂದು ಅವಳಿಗೆ ಕೈಮುಗಿಯಬೇಕಾದವನು ನಾನು. ಆದರೆ ಕಚೇರಿಯಲ್ಲಿ ಯಾರೂ ಇಲ್ಲದಾಗ ಫೋನ್ ತೆರೆದು ಪೇಟೆಯನ್ನೇ ನೋಡುತ್ತೇನೆ. ನಮ್ಮದೆನ್ನುವ ಒಂದು ಷೇರೂ ಅಲ್ಲಿಲ್ಲ. ಏರಿದರೆ ನಮಗೆ ಕಿಲುಬು ಕಾಸೂ ಬರುವುದಿಲ್ಲ. ಆದರೂ ದೇವರೇ, ಒಂದೇ ಒಂದು ಸಲ ಅದು ಜೋರಾಗಿ ಏರಲಿ, "ನೋಡು, ನಾ ಹೇಳಿದ್ನೋ ಇಲ್ಲೋ!" ಎಂದು ಅವಳಿಗೆ ಹೇಳುವಂತಾಗಲಿ ಎಂದು ಬೇಡಿಕೊಳ್ಳುತ್ತೇನೆ.