ಡೊಂಕು ತೆಗೆದ ಹಲಗೆ

ನನ್ನ ಮೊಮ್ಮಗಳು ಶೈಲ ದೇಶದ ತಂಡಕ್ಕೆ ಆಯ್ಕೆಯಾಗಲಿಲ್ಲ. ಆಯ್ಕೆಗೆ ಎರಡು ಓಟ ಇದ್ದವು. ಒಂದರಲ್ಲಿ ಅವಳನ್ನು ನಾನು ಸೋಲಿಸಿದೆ, ಇನ್ನೊಂದರಲ್ಲಿ ಅವಳೇ ಸೋತಳು. ನಡೆದದ್ದು ಇಷ್ಟೇ. ನಮ್ಮೂರಿನಲ್ಲಿ ಇದಕ್ಕೆ ದೃಷ್ಟಿ, ಗ್ರಹಚಾರ, ದೆಹಲಿಯವರ ರಾಜಕೀಯ ಎಂದೆಲ್ಲ ಕಾರಣ ಹೇಳುವವರಿದ್ದಾರೆ. ಅವರಿಗೆ ಹಿಮವೂ ಗೊತ್ತಿಲ್ಲ, ನನ್ನ ಅಟ್ಟವೂ ಗೊತ್ತಿಲ್ಲ. ಹಿಮ ನನಗೂ ಗೊತ್ತಿಲ್ಲ, ಆದರೆ ಅಟ್ಟ ಗೊತ್ತು. ಎಡವಟ್ಟಾದದ್ದು ಅಲ್ಲೇ.

ತೆಂಗಿನ ಸೀಮೆಯ ಹುಡುಗಿಗೆ ಹಿಮದ ಮೇಲೆ ಓಡುವ ಹುಚ್ಚು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳುತ್ತಾರೆ. ಅಳಿಯ ಮಲ್ಲೇಶ ಮಿಲಿಟರಿಯಲ್ಲಿದ್ದ. ಉತ್ತರದ ಬೆಟ್ಟಗಳಲ್ಲಿ ಅವನಿಗೆ ಕ್ವಾರ್ಟರ್ಸ್ ಕೊಟ್ಟಿದ್ದರು. ಅಲ್ಲಿನ ಮಕ್ಕಳು ಶಾಲೆಗೆ ರಜ ಬಂದರೆ ಹಿಮದ ಮೇಲೆ ಆಡುತ್ತಾರೆ, ನಮ್ಮ ಮಕ್ಕಳು ಕೆರೆಗೆ ಬೀಳುವ ಹಾಗೆ. ಇವಳೂ ಅಲ್ಲಿ ಕಲಿತಳು. ಅವನು ಪೆನ್ಷನ್ ತೆಗೆದುಕೊಂಡು ನನ್ನ ಮನೆಗೆ ಬಂದು ಶಾಲೆಯ ವ್ಯಾನ್ ಓಡಿಸತೊಡಗಿದ ಮೇಲೂ ಹುಚ್ಚು ಬಿಡಲಿಲ್ಲ. ಕಾಲಿಗೆ ಆಳುದ್ದ ಮೀರಿದ ಎರಡು ಸಪೂರ ಹಲಗೆ, ಕೈಗೊಂದೊಂದು ಕೋಲು. ಸ್ಕೀ ಅನ್ನುತ್ತಾರೆ. ಜಾರುವ ಆಟ ಅಂದರೆ ಇಳಿಜಾರಿನಲ್ಲಿ ಜಾರುವುದು ಎಂದುಕೊಂಡಿದ್ದೆ. ಇದು ಹಾಗಲ್ಲ. ಏರು, ತಗ್ಗು, ಬಯಲು ಎಲ್ಲವನ್ನೂ ಹಲಗೆ ಕಟ್ಟಿಕೊಂಡೇ ಮೈಲಿಗಟ್ಟಲೆ ಓಡಬೇಕು. "ಏರಿನಲ್ಲಾದ್ರೂ ಬಿಚ್ಚಿ ಕಂಕುಳಲ್ಲಿ ಇಟ್ಕೊಂಡು ಓಡಬಾರ್ದೇನೇ?" ಎಂದು ಕೇಳಿದೆ. "ಅದೇ ಆಟ ಕಣಜ್ಜಿ" ಅಂದಳು. ಹಾಗಾದರೆ ನಾನು ಇಷ್ಟು ವರ್ಷ ಬಾವಿಯಿಂದ ಎರಡೆರಡು ಕೊಡ ಹೊತ್ತು ದಿಬ್ಬ ಹತ್ತಿದ್ದೂ ಆಟವೇ ಇರಬೇಕು. ಯಾರೂ ತಂಡಕ್ಕೆ ಕರೆಯಲಿಲ್ಲ.

ನಮ್ಮಲ್ಲಿ ಹಿಮ ಎಲ್ಲಿಂದ ಬರಬೇಕು? ಗಾಲಿ ಇರುವ ಗಿಡ್ಡ ಹಲಗೆ ಕಟ್ಟಿಕೊಂಡು ಬೆಳಗಿನ ಹೊತ್ತು ಕಿಬ್ಬನಹಳ್ಳಿ ರಸ್ತೆಯಲ್ಲಿ ಓಡುತ್ತಿದ್ದಳು. ಮೊದಮೊದಲು ಬಸ್ಸಿನ ಕಂಡಕ್ಟರು ಅವಳ ಕೈಯ ಕೋಲು ನೋಡಿ, "ಪಾಪ, ಹತ್ತಮ್ಮ, ಸೀಟು ಕೊಡಿಸ್ತೀನಿ" ಅಂತ ಬಸ್ಸು ನಿಲ್ಲಿಸುತ್ತಿದ್ದ. ಇವಳು ಬಸ್ಸನ್ನೇ ಹಿಂದೆ ಹಾಕಿ ಹೋದ ಮೇಲೆ ಕೇಳುವುದು ಬಿಟ್ಟ. ನಮ್ಮ ತೋಟದಲ್ಲಿ ಕಾಯಿ ಕೆಡಹುವ ನಿಂಗಣ್ಣ ಒಂದು ದಿನ ಮರದ ಮೇಲಿಂದಲೇ ಕೂಗಿದ:

"ಅಮ್ಮೋ, ನಿನ್ ಮೊಮ್ಮಗಳು ನೆಲದ ಮೇಲೇ ಮರ ಹತ್ತಾ ಅವ್ಳಲ್ಲಮ್ಮೋ!"

"ನೀನು ಸುಮ್ಕೆ ಕಾಯಿ ಕೆಡವ್ಲಾ" ಅಂದೆ. ಆದರೆ ಅವನು ಹೇಳಿದ್ದು ಸರಿಯಾಗಿತ್ತು.

ಹಿಮದ ಹಲಗೆಗಳು ಮಾತ್ರ ಚಳಿಗಾಲದ ತನಕ ಕೆಲಸಕ್ಕೆ ಬರುವುದಿಲ್ಲ. ಒಂದೇ ಜೊತೆ. ಮಲ್ಲೇಶನ ಹಳೆಯ ಸಾಹೇಬರು ಕೊಟ್ಟದ್ದು. ಬಾಗಿಲ ಸಂದಿಯಲ್ಲಿ ನಿಲ್ಲಿಸಿದರೆ ಗುಡಿಸುವಾಗ ನನ್ನ ತಲೆಯ ಮೇಲೇ ಬೀಳುತ್ತಿದ್ದವು. ಎರಡು ಸಲ ಬಿದ್ದ ಮೇಲೆ ಅವನ್ನು ಅಟ್ಟಕ್ಕೆ ಹಾಕಿದೆ. ನಮ್ಮ ಕಡೆಯ ಅಟ್ಟ ಅಂದರೆ ಹಳೆ ಸಾಮಾನಿನ ಜಾಗ ಅಲ್ಲ, ಕೊಬ್ಬರಿಯ ಜಾಗ. ಇಡೀ ಕಾಯಿಯನ್ನು ಅಲ್ಲಿ ಹರವಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಕೆಳಗೆ ಒಲೆಯ ಕಾವು, ಹೊಗೆ. ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗೊಟಗೊಟ ಅನ್ನಬೇಕು. ಅಲ್ಲಿಯತನಕ ಅಟ್ಟಕ್ಕೆ ಏಣಿ ಹಾಕುವ ಹಾಗಿಲ್ಲ. ನನ್ನ ಅತ್ತೆ ಕಲಿಸಿದ ಕಟ್ಟಳೆ.

ಹಲಗೆ ಮೇಲೆ ಇಡುವಾಗ ನೋಡಿದೆ, ಎರಡೂ ಡೊಂಕು. ನಡುವೆ ಬಿಲ್ಲಿನ ಹಾಗೆ ಎದ್ದಿದ್ದವು. ಒಂದಕ್ಕೊಂದು ಜೋಡಿಸಿದರೆ ನಡುವಿನ ಸಂದಿಯಲ್ಲಿ ಆಚೆ ಗೋಡೆ ಕಾಣುತ್ತಿತ್ತು. ಹೆಣ್ಣುಮಗು ಇಂಥ ಸೊಟ್ಟ ಹಲಗೆಯ ಮೇಲೆ ಓಡಿ ದೇಶಕ್ಕೆ ಏನು ಗೆದ್ದೀತು ಎಂದು ಅಯ್ಯೋ ಅನ್ನಿಸಿತು. ಬಿದಿರಾಗಲಿ ಹಲಗೆಯಾಗಲಿ ಡೊಂಕಾದರೆ ನಾವು ಮಾಡುವುದು ಒಂದೇ. ಅಟ್ಟದಲ್ಲಿ ಮಲಗಿಸಿ ಮೇಲೆ ಕಾಯಿ ಹೇರುವುದು. ಕಾವಿಗೆ ಮೆತ್ತಗಾಗುತ್ತದೆ, ಭಾರಕ್ಕೆ ನೆಟ್ಟಗಾಗುತ್ತದೆ. ಹೇರಿದೆ. ಮಳೆಗಾಲ ಕಳೆದು ಚಳಿ ಬಂತು, ಕೊಬ್ಬರಿಯೂ ಆಯಿತು. ಓಟಕ್ಕೆ ಹೊರಡುವ ದಿನ ಹಲಗೆ ಇಳಿಸಿ ಮಲ್ಲೇಶನ ಕೈಗೆ ಕೊಟ್ಟಾಗ ಎರಡು ಅಂಗೈ ಮುಗಿದ ಹಾಗೆ ಕೂತಿದ್ದವು. "ನೋಡು, ಹೆಂಗವೆ!" ಅಂದೆ. ಅವನು ಬಸ್ಸಿನ ಅವಸರದಲ್ಲಿ ನೋಡದೆಯೇ ಗೋಣಿಚೀಲದಲ್ಲಿ ಸುತ್ತಿ ಹೊಲಿದುಬಿಟ್ಟ. ಶೈಲ ಕಾಲೇಜಿನಿಂದ ನೇರ ಸ್ಟೇಷನ್ನಿಗೆ ಬಂದವಳು ಚೀಲ ಬಿಚ್ಚಿದ್ದು ಹಿಮದ ಮೇಲೆಯೇ.

ಮೊದಲ ಓಟದ ದಿನ ಫೋನು ಬಂತು.

"ಅಜ್ಜಿ, ಅಟ್ಟದಲ್ಲಿ ಹಲಗೆ ಮೇಲೆ ಏನಿಟ್ಟಿದ್ದೆ?"

"ಕಾಯಿ."

"ಯಾಕೆ?"

"ಡೊಂಕಾಗಿದ್ವು ಕಣೇ."

ಆ ಕಡೆ ಅವಳು ಹಲಗೆ ಕೆಳಗೆ ಹಾಕಿದ ಸದ್ದು ಬಂತು.

"ಅವು ಡೊಂಕೇ ಇರ್ಬೇಕು ಅಜ್ಜಿ. ಜಾರೋವಾಗ ನಡುಭಾಗ ನೆಲ ಮುಟ್ಬಾರ್ದು. ಒದ್ದಾಗ ಮಾತ್ರ ಮುಟ್ಟಿ ಹಿಡೀಬೇಕು. ಅಲ್ಲಿ ಅಂಟು ಮೇಣ ಬಳ್ದಿರ್ತೀವಿ. ಈಗ ಒಂದೇ ಸಮ ಅಂಟ್ಕತ್ತಾ ಅದೆ. ಕೆಸರಲ್ಲಿ ಓಡ್ದಂಗಾಯ್ತು. ಕೊನೆಯಿಂದ ಎರಡ್ನೇವ್ಳು ನಾನು."

ಮರ ಹತ್ತುವಾಗ ನಿಂಗಣ್ಣ ಪಾದಗಳಿಗೆ ಹಾಕಿಕೊಳ್ಳುವ ತಳೆಹಗ್ಗ ನೆನಪಾಯಿತು. ಭಾರ ಬಿಟ್ಟಾಗ ಮರ ಹಿಡಿಯುತ್ತದೆ, ಕಾಲೆತ್ತಿದಾಗ ಬಿಡುತ್ತದೆ. ಹಿಡಿದೇ ಇದ್ದರೆ ಅವನು ಈಗಲೂ ಮೊದಲನೇ ಮರದಲ್ಲೇ ಇರುತ್ತಿದ್ದ. ಇದನ್ನು ಅವಳು ಮೊದಲೇ ಹೇಳಿದ್ದರೆ ನನಗೂ ಅರ್ಥವಾಗುತ್ತಿತ್ತು. ಹೇಳಲಿಲ್ಲ, ನಾನೂ ಕೇಳಲಿಲ್ಲ. "ಇನ್ನೊಂದು ಓಟ ಐತಲ್ಲ, ಏನ್ಮಾಡ್ತೀಯೇ?" ಅಂದೆ. ಅಲ್ಲಿನ ಬೆಟ್ಟದ ಹುಡುಗಿಯೊಬ್ಬಳು, ಇವಳ ಜೊತೆಯೇ ಓಡುವವಳು, ತನ್ನ ಹತ್ತಿರವಿದ್ದ ಎರಡನೇ ಜೊತೆ ಕೊಡುತ್ತೇನೆ ಅಂದಿದ್ದಳಂತೆ. ಎದುರಾಳಿಗೆ ಹಲಗೆ ಕೊಡುವವರೂ ಇದ್ದಾರೆ, ಸ್ವಂತ ಮೊಮ್ಮಗಳ ಹಲಗೆಯ ಮೇಲೆ ಕಾಯಿ ಹೇರುವವರೂ ಇದ್ದಾರೆ.

ಆ ಹಲಗೆಯ ಮೇಲೂ ಅವಳು ಆಯ್ಕೆಯಾಗಲಿಲ್ಲ. ತೆಗೆದುಕೊಂಡದ್ದು ಮುಂದೆ ಬಂದ ಕೆಲವರನ್ನು, ಇವಳು ನಡುವೆ ಎಲ್ಲೋ ಬಂದಳು.

ಊರಿಗೆ ಬಂದ ದಿನ ಮಲ್ಲೇಶ ಚೀಲವನ್ನು ಜಗಲಿಗೆ ಒಗೆದು, ನೋಡಲು ಬಂದವರಿಗೆಲ್ಲ ಕೇಳಿಸುವ ಹಾಗೆ ಹೇಳಿದ: "ನಮ್ಮತ್ತೆ ಒಬ್ರು ಇಲ್ದಿದ್ರೆ ನನ್ ಮಗಳು ಇವತ್ತು ದೇಶಕ್ಕೆ ಆಡ್ತಿದ್ಲು ಕಣ್ರೀ."

ನಾನು ಅಕ್ಕಿ ಆರಿಸುತ್ತಿದ್ದೆ, ಮೊರ ಕೆಳಗಿಡಲಿಲ್ಲ. ಅರ್ಧ ನಿಜಕ್ಕೆ ಉತ್ತರ ಕೊಡುವುದು ಕಷ್ಟ. ಶೈಲ ಚಪ್ಪಲಿ ಬಿಡುತ್ತಾ ಹೇಳಿದಳು:

"ಬುಡಪ್ಪ. ಎರಡ್ನೇ ದಿನ ಹಲಗೆ ಚೆನ್ನಾಗೇ ಇತ್ತು. ಆ ಹುಡ್ಗೀರು ನನಗಿಂತ ಜೋರು, ಅಷ್ಟೇ."

ಜಗಲಿಯಲ್ಲಿದ್ದ ಗ್ರಹಚಾರದವರಿಗೂ ರಾಜಕೀಯದವರಿಗೂ ಕೆಲಸ ಹೋಯಿತು. ನನಗೆ ಮಾತ್ರ ಹುಡುಗಿಯ ಮೇಲೆ ನಂಬಿಕೆ ಬಂತು. ಕಾರಣ ಕೈಯಲ್ಲೇ ಇದ್ದರೂ ಹೇಳದೆ ಇರುವವಳು ಮುಂದೆ ಏನಾದರೂ ಮಾಡಿಯಾಳು. ಊಟಕ್ಕೆ ಕೂತಾಗ ಅವಳಿಗೆ ನನಗೆ ಗೊತ್ತಿರುವ ಆಯ್ಕೆಯ ವಿಚಾರ ಹೇಳಿದೆ. ಅಲುಗಿಸಿದಾಗ ಗೊಟಗೊಟ ಅನ್ನದ ಕಾಯಿಯನ್ನು ನಾನು ತಿಪ್ಪೆಗೆ ಎಸೆಯುವುದಿಲ್ಲ, ತಿರುಗಿ ಅಟ್ಟಕ್ಕೆ ಹಾಕುತ್ತೇನೆ.

"ನೀನು ಕೆಟ್ಟಿಲ್ಲ ಕಣೇ. ಇನ್ನೂ ಆಗಿಲ್ಲ."

"ನನ್ನೂ ಅಟ್ಟಕ್ಕೆ ಹಾಕ್ತೀಯಾ?" ಅಂದಳು. "ಅಲ್ಲಿ ಹಾಕಿದ್ದೇನಾಗುತ್ತೆ ಅಂತ ನೋಡಿದ್ದೀನಿ." ನಕ್ಕಳೋ ಅತ್ತಳೋ ನೋಡಲಿಲ್ಲ, ಸಾರು ಬಡಿಸುತ್ತಿದ್ದೆ.

ಮಾರನೆಯ ಬೆಳಿಗ್ಗೆ ಒಲೆ ಹಚ್ಚಿ, ಏಣಿ ಹಾಕಿ, ಹಲಗೆಗಳನ್ನು ಹೊತ್ತುಕೊಂಡು ಅಟ್ಟ ಹತ್ತಿದೆ. ಜೀವಮಾನವೆಲ್ಲ ಡೊಂಕು ತಿದ್ದಿದವಳು ನಾನು. ಹಲಗೆ, ಬಿದಿರು, ಸೊಸೆ, ಅಳಿಯ, ಯಾವುದನ್ನೂ ಬಿಟ್ಟವಳಲ್ಲ. ಈಗ ಒಂದೊಂದು ಹಲಗೆಯ ನಡುಭಾಗದ ಕೆಳಗೂ ಒಂದೊಂದು ಕಾಯಿ ಕೊಟ್ಟೆ. ಎರಡೂ ತುದಿಗೆ ಕಾಯಿ ಹೇರತೊಡಗಿದೆ. ಶೈಲ ಏಣಿಯ ಬುಡದಲ್ಲಿ ನಿಂತು ಕೇಳಿದಳು:

"ಏನ್ಮಾಡ್ತಾ ಇದ್ದೀಯಜ್ಜಿ?"

"ಡೊಂಕು ಮಾಡ್ತಾ ಇದ್ದೀನಿ. ಸುಮ್ನೆ ನಿಲ್ಬೇಡ, ಕಾಯಿ ಎತ್ಕೊಡು."