ವಿದ್ಯಾವತಿಯ ಹತ್ತು ಸಾವಿರ ಹೆಜ್ಜೆ

ಅದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ಡಬ್ಬಿ. ಬೆನ್ನಿಗೊಂದು ಕ್ಲಿಪ್ಪು, ಎದೆಗೊಂದು ಕಿಟಕಿ, ಕಿಟಕಿಯಲ್ಲಿ ಅಂಕಿ. ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದರೆ ಹೆಜ್ಜೆಗೊಂದರಂತೆ ಅಂಕಿ ಏರುತ್ತಿತ್ತು. ೨೦೦೬ರ ಶ್ರಾವಣದಲ್ಲಿ ಬಸವಕಲ್ಯಾಣದ ಆ ಓಣಿಗೆ ಅಂಥದ್ದು ಬಂದದ್ದು ಅದೇ ಮೊದಲು. ತಂದವಳು ವಿದ್ಯಾವತಿ.

ಇಪ್ಪತ್ನಾಲ್ಕರ ವಿದ್ಯಾವತಿ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಭಾನುವಾರ ಗಂಡ ಶಿವರಾಜನ ಜೊತೆ ಹುಮನಾಬಾದಿಗೆ ಹೋಗಿ ಡಾಕ್ಟರ್ ಸರ್ವರಿಯವರಿಗೆ ತೋರಿಸಿಕೊಂಡಿದ್ದಳು. ರಕ್ತದ ಸಕ್ಕರೆ ಗಡಿಯ ಮೇಲೆ ಕಾಲಿಟ್ಟು ಕೂತಿತ್ತು.

"ಬೇಟಿ, ಈ ವಯಸ್ಸಿಗೇ ಗುಳಗಿ ಬ್ಯಾಡ. ದಿನಾ ಹತ್ತು ಸಾವಿರ ಹೆಜ್ಜಿ ನಡಿ," ಎಂದು ಡಾಕ್ಟರಮ್ಮ ಡಬ್ಬಿಯನ್ನು ಒಂದು ವಾರದ ಮಟ್ಟಿಗೆ ಕೊಟ್ಟಿದ್ದರು. "ನಾಳೆ ಸಂಜಿಗೆ ಎಷ್ಟಾತು ಅಂತ ಫೋನ್ ಮಾಡು. ಮನಿ ಕೆಲಸದಾಗ ಹತ್ತು ಸಾವಿರ ಆದ್ರ ಸಾಕು. ಕಡಿಮಿ ಬಿದ್ರ ಮಾತ್ರ ದಿನಾ ಸಂಜಿಮುಂದ ಒಂದು ತಾಸು ಹೊರಗ ನಡೀಬೇಕು. ಒಬ್ಬಾಕೇ. ಮಾತಾಡ್ಕೊಂತ ನಡದ್ರ ಅದು ನಡಿಗಿ ಅಲ್ಲ, ಪಂಚಾಯ್ತಿ."

ಅಂಕಿಯನ್ನು ಸೊನ್ನೆ ಮಾಡುವ ಗುಂಡಿಯೊಂದು ಅದಕ್ಕಿತ್ತು. ಅದರ ಮೇಲೆ ಗಾಯದ ಪಟ್ಟಿ ಅಂಟಿಸಿ ಡಾಕ್ಟರಮ್ಮ ಸಹಿ ಹಾಕಿದ್ದರು. ಹಿಂದಿನ ರೋಗಿಗಳು ಅವರಿಗೆ ಸಾಕಷ್ಟು ಪಾಠ ಕಲಿಸಿದ್ದರೆಂದು ತೋರುತ್ತದೆ.

ಒಬ್ಬಾಕೇ! ಬಸ್ಸಿನಲ್ಲಿ ಬರುವಾಗ ವಿದ್ಯಾವತಿ ಆ ಮಾತನ್ನು ಪೆಪ್ಪರಮಿಂಟಿನಂತೆ ಬಾಯಲ್ಲಿಟ್ಟುಕೊಂಡೇ ಬಂದಳು. ಎರಡು ವರ್ಷದಲ್ಲಿ ಅವಳು ಹೊಸ್ತಿಲು ದಾಟಿದಾಗಲೆಲ್ಲ ಪಕ್ಕದಲ್ಲಿ ಒಬ್ಬರಿದ್ದರು. ಗುಡಿಗೆ ಅತ್ತೆ, ಬಜಾರಕ್ಕೆ ಗಂಡ, ಹಿಟ್ಟಿನ ಗಿರಣಿಗೆ ಪಕ್ಕದ ಮನೆಯ ಸುಗಂಧಾ. ಊರ ಕೆರೆಯನ್ನು ಅವಳು ಕಂಡದ್ದು ಮದುವೆಯ ಜೀಪಿನ ಕಿಟಕಿಯಿಂದ, ಒಮ್ಮೆ. ಈ ಸಲ ಮಳೆಗೆ ಕೆರೆ ತುಂಬಿದೆಯಂತೆ. ಅದರ ದಂಡೆಯ ಮೇಲೆ ಯಾರ ಜೊತೆಗೂ ಮಾತಾಡದೆ ಒಂದು ತಾಸು! ಅದೂ ಡಾಕ್ಟರ ಚೀಟಿಯ ಮೇಲೆ!

ಅತ್ತೆ ಸಂಗಮ್ಮನೂ ಒಪ್ಪಿದ್ದರು. "ಮಷೀನ್ ಹ್ಯಾಂಗ ಹೇಳ್ತದೋ ಹಾಂಗ. ಹತ್ತು ಸಾವಿರ ಆದ್ರ ಮನ್ಯಾಗಿರು, ಆಗ್ಲಿಲ್ಲಂದ್ರ ಹೋಗಿ ಬಾ."

ಹೀಗಾಗಿ ಸೋಮವಾರ ಬೆಳಗ್ಗೆ ವಿದ್ಯಾವತಿ ಎದ್ದದ್ದು ಆದಷ್ಟು ಕಡಿಮೆ ನಡೆಯಬೇಕೆಂಬ ಹಟ ತೊಟ್ಟು.

ನಳ ಬಂತು. ಹನ್ನೆರಡು ಕೊಡ ನೀರು, ಅಂಗಳದಿಂದ ಅಡುಗೆಮನೆಗೆ. ಅವಳು ದಾಪುಗಾಲು ಹಾಕಿದಳು. ನಾಲ್ಕು ಹೆಜ್ಜೆಯ ದಾರಿಯನ್ನು ಎರಡರಲ್ಲಿ ಮುಗಿಸಲು ಹೋಗಿ ಸೀರೆ ತೊಡರಿ ಅರ್ಧ ಕೊಡ ನೀರು ಅಂಗಳಕ್ಕೇ ಅಭಿಷೇಕವಾಯಿತು.

"ಕೊಕ್ಕರಿ ನಡದ್ಹಾಂಗ ಯಾಕ ನಡ್ಯಾಕತ್ತಿ?" ಪಡಸಾಲೆಯ ಮಂಚದಿಂದ ಸಂಗಮ್ಮನ ದನಿ ಬಂತು. ಮೂರು ವರ್ಷದಿಂದ ಮೊಣಕಾಲ ನೋವು ಎಂದು ಅವರು ಮಂಚ ಬಿಟ್ಟು ಇಳಿಯುವುದು ಅಪರೂಪ. ಅಲ್ಲಿಂದಲೇ ಮನೆಯನ್ನು ರೇಡಿಯೋ ಕೇಂದ್ರದ ಹಾಗೆ ನಡೆಸುತ್ತಿದ್ದರು.

ಎಂಟು ಗಂಟೆಗೆ ಸುಗಂಧಾ ಬಂದಳು. ಅವಳಿಗೂ ವಿದ್ಯಾವತಿಯದೇ ವಯಸ್ಸು. ತೆಳ್ಳಗಾಗಬೇಕೆಂದು ಮಾಳಿಗೆಯ ಮೇಲೆ ಹಗ್ಗ ಜಿಗಿಯುತ್ತಿದ್ದಳು. ನೂರು ಜಿಗಿತಕ್ಕೊಂದು ತೊಗರಿ ಕಾಳಿನಂತೆ ಡಬ್ಬಿಗೆ ಹಾಕಿ ಲೆಕ್ಕ ಇಡುತ್ತಿದ್ದಳು.

"ವೈನಿ, ನನ್ನ ತೊಗರಿ ಅತ್ತಿ ನಿನ್ನೆ ಬ್ಯಾಳಿಗೆ ಹಾಕಿಬಿಟ್ರ. ಎಂಟು ದಿನದ ಲೆಕ್ಕ ಎಲ್ಲಾರೂ ಕೂಡಿ ಉಂಡೇವಿ," ಎಂದು ಅಳುಮೋರೆ ಮಾಡಿ, ವಿದ್ಯಾವತಿಯ ಸೊಂಟದ ಡಬ್ಬಿ ಕಂಡೊಡನೆ ಮುಖ ಅರಳಿಸಿದಳು. "ಇದು ಜಿಗಿದ್ರೂ ಎಣಸ್ತದೇನ?"

ಬೇಡ ಎನ್ನುವುದರೊಳಗೆ ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿ ಅಂಗಳದಲ್ಲಿ ಜಿಗಿಯತೊಡಗಿದಳು. ನಾಲ್ಕುನೂರು! ವಿದ್ಯಾವತಿಯ ಕೆರೆ ನಾಲ್ಕುನೂರು ಹೆಜ್ಜೆ ದೂರ ಸರಿಯಿತು.

ಆ ಸದ್ದಿಗೆ ಎದುರು ಮನೆಯ ಮಕ್ಬೂಲ್ ಚಾಚಾ ಹೊರಬಂದರು. ಗಡಿಯಾರ ರಿಪೇರಿ ಮಾಡುವವರು. ಟಿಕ್ ಎನ್ನುವ ಯಾವ ವಸ್ತುವೂ ತಮ್ಮ ಕೈ ದಾಟಿ ಹೋಗಬಾರದೆಂದು ಅವರ ನಂಬಿಕೆ.

"ಕೊಡವ್ವಾ ಇಲ್ಲಿ. ಒಳಗ ಸಣ್ಣ ಲೋಲಕ ಇರ್ತದ," ಎಂದು ಕಿವಿಗೆ ಹಿಡಿದು, ಕೆಮ್ಮಿನ ಔಷಧದ ಬಾಟಲಿಯಂತೆ ಕುಲುಕಿದರು. "ಮಾಲ್ ಛಲೋ ಅದ." ಕುಲುಕಿದ್ದಕ್ಕೆ ಇನ್ನೂರ ಅರವತ್ತು.

ಹನ್ನೊಂದಕ್ಕೆ ಅಂಕಿ ನಾಲ್ಕು ಸಾವಿರ ದಾಟಿದ್ದನ್ನು ವಿದ್ಯಾವತಿ ನೋಡಿದಳು. ಡಬ್ಬಿಯನ್ನು ಬಿಚ್ಚಿ ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಳು. ಆದರೆ ಸಂಗಮ್ಮ ಅರ್ಧ ತಾಸಿಗೊಮ್ಮೆ ಕ್ರಿಕೆಟ್ ಸ್ಕೋರು ಕೇಳಿದ ಹಾಗೆ ಕೇಳುತ್ತಿದ್ದರು.

"ಎಷ್ಟಾತ?"

"ನಾಲ್ಕು ಸಾವಿರದ ನೂರಾ ಹದಿನೆಂಟರಿ."

"ಆವಾಗೂ ಅಷ್ಟೇ ಅಂದಿದ್ದಿ. ಅಡಗಿಮನಿಯಿಂದ ಇಲ್ಲಿ ತನಕ ಹಾರಿ ಬಂದ್ಯೇನ?"

ವಿದ್ಯಾವತಿ ಹೋಗಿ ಡಬ್ಬಿಯನ್ನು ಮತ್ತೆ ಸಿಕ್ಕಿಸಿಕೊಂಡಳು. ಪಾತ್ರೆ, ಬಟ್ಟೆ, ಊಟ, ಎರಡನೆಯ ಸಲದ ಚಹಾ, ಅತ್ತೆಯ ಕಾಲಿಗೆ ಬಿಸಿನೀರಿನ ಕಾವು. ಮಧ್ಯಾಹ್ನ ಎರಡಕ್ಕೆ ಆರು ಸಾವಿರದ ಮುನ್ನೂರು. ಇನ್ನು ಶ್ರಾವಣ ಸೋಮವಾರದ ಹೋಳಿಗೆ ಆಗಬೇಕು. ಹೂರಣ ರುಬ್ಬಿ, ಕಣಕ ನಾದಿ, ಒಲೆಗೂ ಕಟ್ಟೆಗೂ ಓಡಾಡಿ ಮುಗಿಸುವಷ್ಟರಲ್ಲಿ ಹತ್ತು ಸಾವಿರ ಗ್ಯಾರಂಟಿ. ಮನೆಯೊಳಗೆ ಇಷ್ಟು ನಡೆಯುತ್ತೇನೆಂದು ಅವಳಿಗೇ ಗೊತ್ತಿರಲಿಲ್ಲ. ಬಸವಕಲ್ಯಾಣದ ಮನೆಯೊಳಗಿದ್ದೇ ಪಕ್ಕದೂರು ಮಂಠಾಳದ ದಾರಿ ಹಿಡಿದಿದ್ದಳಲ್ಲ! ಒಂದು ಗಳಿಗೆ ಅವಳಿಗೆ ಹೆಮ್ಮೆಯೂ ಅನಿಸಿತು, ಅಳುವೂ ಬಂತು.

ಪೂರ್ತಿ ನಿಂತ ಅಂಕಿ ಅನುಮಾನ ತರುತ್ತದೆ. ಓಡುವ ಅಂಕಿ ಕೆರೆಯನ್ನು ಕಸಿಯುತ್ತದೆ. ಹಾಗಾದರೆ ಡಬ್ಬಿ ಇರಬೇಕಾದದ್ದು ಕಡಿಮೆ ನಡೆಯುವವರ ಸೊಂಟದಲ್ಲಿ. ಈ ಮನೆಯಲ್ಲಿ ಅಂಥವರು ಯಾರು?

ಅವಳು ಪಡಸಾಲೆಗೆ ಇಣುಕಿದಳು. ಸಂಗಮ್ಮ ಗೋಡೆಗೆ ಮುಖ ಮಾಡಿ ಮಲಗಿ ಗೊರಕೆ ಹೊಡೆಯುತ್ತಿದ್ದರು. ಸೊಂಟಕ್ಕೆ ಸಿಕ್ಕಿಸಿದ ಎಲೆಯಡಿಕೆಯ ಬಟ್ಟೆಚೀಲ, ಅವರ ಚಂಚಿ, ಹಾಸಿಗೆಯ ಮೇಲೆ ಜೋತುಬಿದ್ದಿತ್ತು. ಅದಕ್ಕೆ ನಾಲ್ಕು ಅರೆ. ಎಲೆ, ಅಡಿಕೆ, ಸುಣ್ಣಕ್ಕೆ ಮೂರು. ನಾಲ್ಕನೆಯದು ತಂಬಾಕಿನದು. ಮೂರು ವರ್ಷದ ಹಿಂದೆ ಸ್ವಾಮಿಗಳ ಮುಂದೆ ಆಣೆ ಮಾಡಿ ತಂಬಾಕು ಬಿಟ್ಟ ಮೇಲೆ ಆ ಅರೆಗೆ ಯಾರ ಕೈಯೂ ಹೋಗುವುದಿಲ್ಲ. ವಿದ್ಯಾವತಿ ಡಬ್ಬಿಯನ್ನು ಮೆಲ್ಲಗೆ ಅದರಲ್ಲಿ ಜಾರಿಸಿದಳು. ಅತ್ತೆ ಬಚ್ಚಲಿಗೆ ಎರಡು ಸಲ ಹೋದರೆ ನೂರು ಹೆಜ್ಜೆ. ನಂಬುವಂಥ ಲೆಕ್ಕ.

ನಡುಬಾಗಿಲು ಎಳೆದು ಮುಚ್ಚಿಕೊಂಡು ಹಿಂದಿನ ಅಡುಗೆಮನೆಗೆ ಹೋದಳು. ಎರಡರಿಂದ ಐದರವರೆಗೆ ಆ ಬಾಗಿಲು ತೆರೆಯಕೂಡದು, ಅತ್ತೆಯ ನಿದ್ದೆ ಕೆಡುತ್ತದೆ. ಎರಡು ವರ್ಷದಿಂದ ಆ ಹೊತ್ತಿನಲ್ಲಿ ವಿದ್ಯಾವತಿ ಕುಕ್ಕರಿನ ಸೀಟಿಯನ್ನೂ ಚಮಚದಿಂದ ಎತ್ತಿ ಹಿಡಿಯುತ್ತಿದ್ದಳು. ಇವತ್ತು ಮಾತ್ರ ಅವಳಿಗೆ ಹಗುರ. ಎಣಿಸುವವರಿಲ್ಲ! ಒಲೆಯ ಮುಂದೆ ಬೇಕೆಂದೇ ನಾಲ್ಕು ಸುತ್ತು ಹೆಚ್ಚಿಗೆ ತಿರುಗಿದಳು.

ಸಂಜೆ ಶಿವರಾಜ ಬಟ್ಟೆ ಅಂಗಡಿಯಿಂದ ಬಂದವನೇ, "ಎಲ್ಲಿ, ಮಷೀನ್ ತಗಿ," ಎಂದ. ಸುಗಂಧಾ, ಮಕ್ಬೂಲ್ ಚಾಚಾ ಫಲಿತಾಂಶ ಕೇಳಲು ಆಗಲೇ ಕಟ್ಟೆಯ ಮೇಲೆ ಹಾಜರಾಗಿದ್ದರು.

ದಿಂಬು ಸರಿಪಡಿಸುವ ನೆಪದಲ್ಲಿ ವಿದ್ಯಾವತಿ ಚಂಚಿಗೆ ಕೈ ಹಾಕಿದಳು. ನಾಲ್ಕನೆಯ ಅರೆ ಬರಿದು!

"ಏನ ಹುಡುಕ್ತಿ?" ಎಂದರು ಸಂಗಮ್ಮ. "ನಿನ್ನ ಮಷೀನ್ ಬಚ್ಚಲ ಕಟ್ಟಿ ಮ್ಯಾಲ ಬಿದ್ದಿತ್ತ. ಎತ್ತಿಟ್ಟೀನಿ." ದಿಂಬಿನ ಕೆಳಗಿಂದ ಡಬ್ಬಿ ಹೊರಬಂತು.

ಶಿವರಾಜ ಕಿಟಕಿಗೆ ಕಣ್ಣು ಹಚ್ಚಿ ಓದಿದ. "ಹದಿಮೂರು ಸಾವಿರದ ಎಂಟುನೂರು!"

"ಯಪ್ಪಾ!" ಎಂದಳು ಸುಗಂಧಾ.

"ಮಾಲ್ ಛಲೋ ಅದ ಅಂದಿದ್ದಿಲ್ಲೇನ ನಾ?" ಎಂದರು ಚಾಚಾ.

ವಿದ್ಯಾವತಿ ಡಬ್ಬಿಯನ್ನು ಇಸಿದುಕೊಂಡಳು. ಆರು ಸಾವಿರದ ಮುನ್ನೂರು ಇತ್ತಲ್ಲ? ಮೂರು ತಾಸಿನಲ್ಲಿ ಏಳೂವರೆ ಸಾವಿರ! ಕಿಟಕಿಯ ಅಂಚಿನಲ್ಲಿ ಕಂದು ಪುಡಿ ಹತ್ತಿತ್ತು. ಮೂಗಿಗೆ ಹಿಡಿದಳು. ತಂಬಾಕು, ತಾಜಾ. ಅವಳ ಕಣ್ಣು ತಾನಾಗಿ ಕೆಳಗಿಳಿಯಿತು. ಮಂಚದಿಂದ ಜೋತ ಅತ್ತೆಯ ಸೀರೆಯ ಅಂಚಿನ ತುಂಬ ಉತ್ತರಾಣಿಯ ಮುಳ್ಳುಬೀಜಗಳು ಕಚ್ಚಿಕೊಂಡಿದ್ದವು. ಉತ್ತರಾಣಿ ಪಡಸಾಲೆಯಲ್ಲಿ ಬೆಳೆಯುವುದಿಲ್ಲ.

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು. ನೀವು ಎಲ್ಲಿಗೆ ಹೋಗಿದ್ದಿರಿ ಎಂದು ಇವಳು ಕೇಳುವಂತಿಲ್ಲ, ಡಬ್ಬಿ ನಿಮ್ಮ ಸೊಂಟದಲ್ಲಿತ್ತೆಂದು ಒಪ್ಪಬೇಕಾಗುತ್ತದೆ. ನನ್ನ ಚಂಚಿಗೆ ಯಾಕೆ ಹಾಕಿದ್ದಿ ಎಂದು ಅವರೂ ಕೇಳುವಂತಿಲ್ಲ.

ಶಿವರಾಜ ಹುಮನಾಬಾದಿಗೆ ಫೋನ್ ಹಚ್ಚಿದ. ಆಚೆಯಿಂದ ಬಂದ ಡಾಕ್ಟರಮ್ಮನ ದನಿ ಕಟ್ಟೆಯವರೆಗೂ ಕೇಳಿಸಿತು. "ಹದಿನಾಲ್ಕು ಸಾವಿರದ ಹತ್ರ? ಹಂಗಾದ್ರ ಹೊರಗ ಹೋಗೂದು ಬಿಲ್ಕುಲ್ ಬ್ಯಾಡ. ಇಷ್ಟು ನಡದೂ ಸಕ್ಕರಿ ಏರ್ಯಾದಂದ್ರ ತಪ್ಪು ಬಾಯಿದು. ಇವತ್ತಿಂದ ಹೋಳಗಿ ಬಂದ್, ಚಹಾದಾಗ ಸಕ್ಕರಿ ಬಂದ್!"

ನೆರೆಯವರು ಚದುರಿದರು. ಶಿವರಾಜ ಕೈಕಾಲು ತೊಳೆಯಲು ಹಿಂದಕ್ಕೆ ಹೋದ. ವಿದ್ಯಾವತಿ ತನ್ನ ಪಾಲಿನ ಎರಡು ಹೋಳಿಗೆಯನ್ನು ಅತ್ತೆಯ ತಾಟಿಗೆ ಹಾಕಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಗಂಡ ಬರುವುದರೊಳಗೆ ಸೀರೆಯ ಅಂಚಿನ ಮುಳ್ಳುಬೀಜಗಳನ್ನು ಒಂದೊಂದಾಗಿ ಕೀಳತೊಡಗಿದಳು. ಸಂಗಮ್ಮ ತುಪ್ಪ ಸುರಿದುಕೊಂಡು ತಿನ್ನುತ್ತಿದ್ದರು.

"ಮಷೀನ್ ಇನ್ನೂ ಆರು ದಿನ ನಮ್ಮ ಹತ್ರನೇ ಇರ್ತದಲ್ಲಾ," ಎಂದರು ಕೊನೆಗೆ. "ಮಧ್ಯಾಹ್ನ ಜ್ವಾಕಿ ಇಡು. ಎಲ್ಲಿಡಬೇಕಂತ ನಿನಗ ಗೊತ್ತದ."

"ಹೂಂರಿ." ಹದಿನೇಳನೆಯ ಬೀಜ ಕಿತ್ತ ವಿದ್ಯಾವತಿಗೆ ತಡೆಯಲಾಗಲಿಲ್ಲ. ದನಿ ತಗ್ಗಿಸಿ ಕೇಳಿದಳು. "ಅತ್ತೀ, ಕೆರಿ ತುಂಬ್ಯಾದೇನ್ರಿ?"

"ಮೊಣಕಾಲ ನೋವಿನಾಕಿಗೆ ಕೆರಿ ಸುದ್ದಿ ಕೇಳ್ತಿಯೇನ?" ಸಂಗಮ್ಮ ಎರಡನೆಯ ಹೋಳಿಗೆ ಮುರಿದರು. ನಿಧಾನ ಅಗಿದು ನುಂಗಿದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, "ದಂಡಿ ಮ್ಯಾಲಿನ ಬೇವಿನ ಗಿಡದ ಬುಡಕ್ಕ ನೀರ ಬಂದದಂತ," ಎಂದರು. "ಮಂದಿ ಅಂತಾರ."